ವರ್ಷಕ್ಕೆ ನಾಲ್ಕು ನಿಮಿಷ

ಹೊಳಿಗೇರಿ, ಭೀಮಾ ದಂಡೆ
ಎರಡನೇ ವೈಶಾಖದ ಮೂವತ್ತನಾಲ್ಕನೇ ದಿನ, ೨೨೦೭

ಪೂಜ್ಯ ಸ್ಫೂರ್ತಿ ಅಜ್ಜಿಗೆ,

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಬೇಸಿಗೆ ಹಳೆಯ ಪಂಚಾಂಗದಲ್ಲಿ ಹಿಡಿಸದಷ್ಟು ಉದ್ದವಾಯಿತು. ಹಾಗಾಗಿ ಚಳಿಗಾಲದಿಂದ ದಿನಗಳನ್ನು ಕಿತ್ತು ವೈಶಾಖಕ್ಕೆ ಕೊಟ್ಟಿದ್ದಾರೆ. ಅದು ವರ್ಷಕ್ಕೆ ಎರಡು ಸಲ ಬರುತ್ತದೆ, ಎರಡನೆಯದಕ್ಕೆ ನಲವತ್ತು ದಿನ. ಇಂಥ ವಿಚಿತ್ರ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ, ಕ್ಷಮಿಸಿ. ನನ್ನ ಕನ್ನಡವನ್ನೂ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಕನ್ನಡ ಬರೆಯುವುದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಕೈಯಲ್ಲಿ ಗಡಿಯಾರ ಹಿಡಿದುಕೊಂಡು. ಯಾಕೆ ಗಡಿಯಾರ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ಮದುವೆಗೆ ಮೊದಲು ನಾಂದಿ ಇಟ್ಟು, ತೀರಿಹೋದ ಹಿರಿಯರನ್ನು ಮದುವೆಗೆ ಕರೆಯುತ್ತಿದ್ದಿರಂತೆ. ನಮ್ಮ ಕಾಲಕ್ಕೆ ಅದು ಪತ್ರವಾಗಿದೆ. ಮದುಮಗಳು ತನ್ನ ವಂಶದ ಹಳೆಯ ಹೆಂಗಸೊಬ್ಬಳನ್ನು ಆರಿಸಿಕೊಂಡು, ‘ಇಂಥವನನ್ನು ಮದುವೆಯಾಗುತ್ತಿದ್ದೇನೆ, ಬಂದು ಹರಸಿ’ ಎಂದು ಕೈಯಾರೆ ಬರೆದು, ತಾಮ್ರದ ತಂಬಿಗೆಯಲ್ಲಿಟ್ಟು ಹೊಸಿಲ ಬಳಿ ಹೂಳುತ್ತಾಳೆ. ಅದಕ್ಕೆ ನಾಂದಿಪತ್ರ ಎನ್ನುತ್ತೇವೆ. ನಾನು ಏಳು ತಲೆಮಾರು ಹಿಂದಿನ ನಿಮ್ಮನ್ನು ಆರಿಸಿದ್ದು ನಿಮ್ಮ ಒಂದು ಫೋಟೋ ನೋಡಿ. ಅದರಲ್ಲಿ ನೀವು ಧಾರೆ ಸೀರೆಯಲ್ಲೇ, ಬಾಸಿಂಗ ಕೂಡ ಬಿಚ್ಚದೆ, ಯಾವುದೋ ಶಾಲೆಯ ಮುಂದೆ ನಿಂತಿದ್ದೀರಿ. ಎಡಗೈಯ ತೋರುಬೆರಳು ಮೇಲೆತ್ತಿದ್ದೀರಿ. ಅದರ ಉಗುರಿನ ಮೇಲೆ ಕಪ್ಪು ಗೆರೆ. ಪಕ್ಕದಲ್ಲಿ ನಿಮ್ಮ ಯಜಮಾನರು ಬೆವರು ಒರೆಸಿಕೊಳ್ಳುತ್ತಿದ್ದಾರೆ, ನೀವು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದೀರಿ. ಮದುವೆಯ ದಿನ ಮತ ಹಾಕಲು ಓಡಿದವಳು! ಇವಳೇ ನನ್ನ ಅಜ್ಜಿ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ನಾಂದಿಪತ್ರವನ್ನು ಮದುವೆಗೆ ಮೊದಲು ಬರೆಯಬೇಕು. ನಾನು ಹದಿನೆಂಟು ದಿನ ತಡ. ಮದುವೆಯ ಗಡಿಬಿಡಿಯಲ್ಲಿ ಬಿಟ್ಟುಹೋಯಿತು, ಆಮೇಲೆ ಬರೆಯಲು ಕೂತಾಗ ಕೈ ಓಡಲಿಲ್ಲ. ನನ್ನ ಗಂಡ ಶರಭನ ಬಗ್ಗೆ ನಾಲ್ಕು ಪುಟ ಬರೆಯಬೇಕೆಂದಿದ್ದೆ. ಅವನು ನಗುವಾಗ ಒಂದು ಕಣ್ಣು ಮುಚ್ಚುವುದು, ಚಹಾಕ್ಕೆ ಮೂರು ಚಮಚ ಬೆಲ್ಲ ಹಾಕಿಕೊಂಡು ಎರಡು ಎಂದು ಸುಳ್ಳು ಹೇಳುವುದು, ನನ್ನ ಹೆಸರನ್ನು ‘ಮೇದಿನೀ’ ಎಂದು ಕೊನೆಯಲ್ಲಿ ಎಳೆದು ಕರೆಯುವುದು. ಅಯ್ಯೋ ಅಜ್ಜಿ, ಇಷ್ಟು ಸಂತೋಷ ಒಬ್ಬಳಿಗೇ ಬರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಆ ಸಂತೋಷದಲ್ಲೇ ಒಂದು ಕೆಲಸ ಮಾಡಿದೆ. ಅದರಿಂದ ಈಗ ಒಂದು ಊರು ಹೋಗುತ್ತಿದೆ. ಊರಿನ ಹೆಸರು ಹೂಗಳದೊಡ್ಡಿ. ಅಲ್ಲಿ ಒಂಬೈನೂರ ಆರು ಜನರಿದ್ದಾರೆ. ಹದಿನಾರು ದಿನಗಳಿಂದ ನಾನು ಅರ್ಧ ಊಟ ಬಿಟ್ಟು ಏಳುತ್ತಿದ್ದೇನೆ. ಹೊಸ ಮದುಮಗಳಿಗೆ ತವರಿನ ನೆನಪು ಎಂದು ಮನೆಯವರು ತಿಳಿದುಕೊಂಡರು.

ಏನು ಮಾಡಿದೆ ಎಂದು ನಿಮಗೆ ಅರ್ಥವಾಗಬೇಕಾದರೆ ಮೊದಲು ಕುರ್ಚಿಗಳ ವಿಷಯ ಹೇಳಬೇಕು.

ದೆಹಲಿಯ ಲೋಕಸಭೆಯಲ್ಲಿ ನಮ್ಮ ರಾಜ್ಯಕ್ಕೆ ನಿಮ್ಮ ಕಾಲದಲ್ಲಿ ಇಪ್ಪತ್ತೆಂಟು ಕುರ್ಚಿಗಳಿದ್ದವು. ಅದಕ್ಕೂ ಹಿಂದೆ, ಮೈಸೂರು ರಾಜ್ಯವಷ್ಟೇ ಇದ್ದಾಗ ಹನ್ನೊಂದು. ಕನ್ನಡದ ಸೀಮೆಗಳು ಕೂಡಿದ ಮೇಲೆ ಇಪ್ಪತ್ತಾರು, ಆಮೇಲೆ ಇಪ್ಪತ್ತೇಳು, ಇಪ್ಪತ್ತೆಂಟು. ನಾವು ಇದನ್ನು ಶಾಲೆಯಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತೇವೆ, ಯಾಕೆಂದರೆ ಮೇಲೆ ಹತ್ತಿದ್ದು ಅಷ್ಟೇ. ಆಮೇಲಿನದೆಲ್ಲ ಇಳಿತ. ಯಾರೂ ನಮ್ಮಿಂದ ಕದ್ದುಕೊಳ್ಳಲಿಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ತಲೆ ಎಣಿಸಿ ಕುರ್ಚಿ ಹಂಚುವುದಕ್ಕೆ ನಾವು ತಲೆಹಂಚಿಕೆ ಎನ್ನುತ್ತೇವೆ. ಪ್ರತಿ ತಲೆಹಂಚಿಕೆಯಲ್ಲೂ ನಮ್ಮಲ್ಲಿ ಮಕ್ಕಳು ಕಡಿಮೆ, ಬಿಸಿಲಿಗೆ ಊರು ಬಿಟ್ಟವರು ಹೆಚ್ಚು. ಸಭೆ ದೊಡ್ಡದಾಗುತ್ತ ಹೋಯಿತು, ನಮ್ಮ ಸಾಲು ಚಿಕ್ಕದಾಗುತ್ತ ಬಂತು. ಇಪ್ಪತ್ತಮೂರು, ಹದಿನಾಲ್ಕು, ಒಂಬತ್ತು. ನನ್ನ ಅಮ್ಮ ಹುಟ್ಟಿದಾಗ ಮೂರು. ನಾನು ಶಾಲೆಗೆ ಸೇರಿದ ವರ್ಷ ಒಂದು. ಈಗಲೂ ಒಂದು. ಸಭೆಯ ಹಿಂಬದಿಯಲ್ಲಿ, ಕಂಬದ ಪಕ್ಕದ ಸಾವಿರದ ನೂರ ಅರವತ್ತನಾಲ್ಕನೇ ಕುರ್ಚಿ.

ಕುರ್ಚಿ ಎಷ್ಟೋ ಮಾತಿನ ಹೊತ್ತೂ ಅಷ್ಟೇ. ಒಂದು ಕುರ್ಚಿಗೆ ವರ್ಷಕ್ಕೆ ನಾಲ್ಕು ನಿಮಿಷ. ನಾಲ್ಕು ನಿಮಿಷ ತುಂಬಿದ ಕೂಡಲೇ ಕೆಂಪು ದೀಪ ಹತ್ತುತ್ತದೆ, ಮೈಕು ಸಾಯುತ್ತದೆ. ಸಭಾಧ್ಯಕ್ಷರು ಮನಸ್ಸು ಮಾಡಿದರೂ ಅದನ್ನು ಮತ್ತೆ ಬದುಕಿಸಲಾಗುವುದಿಲ್ಲ. ಇನ್ನೆರಡು ವರ್ಷಕ್ಕೆ ಮತ್ತೆ ತಲೆಹಂಚಿಕೆ ಇದೆ. ಅದರಲ್ಲಿ ತಲೆ ಕಡಿಮೆ ಬಿದ್ದರೆ ಈ ಒಂದೂ ಹೋಗಿ, ನೆರೆಯ ಎರಡು ರಾಜ್ಯಗಳ ಜೊತೆ ಜಂಟಿ ಕುರ್ಚಿ ಆಗುತ್ತದಂತೆ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದ ಹೆಂಗಸರು ‘ದೀರ್ಘಸುಮಂಗಲೀ ಭವ’ ಎನ್ನಲಿಲ್ಲ ಅಜ್ಜಿ. “ಬೇಗ ಎರಡು ತಲೆ ಎಣಿಸ್ಕೊಡಮ್ಮ” ಎಂದರು. ತಮಾಷೆಗಲ್ಲ. ಹೇಳುವಾಗ ಅವರ ಕಣ್ಣಲ್ಲಿ ಭಯವಿತ್ತು.

ಈ ನಾಲ್ಕು ನಿಮಿಷವನ್ನು ಕಟ್ಟುವ ಜಾಗಕ್ಕೆ ಮಾತಿನ ಕಚೇರಿ ಎಂದು ಹೆಸರು. ಅದು ಅರಸೀಕೆರೆಯಲ್ಲಿದೆ, ಹಳೆಯ ರೈಲು ಜಂಕ್ಷನ್ನಿನ ಕಲ್ಲುಕಟ್ಟಡದಲ್ಲಿ. ಯಾವ ದಿಕ್ಕಿನಿಂದ ಬಂದರೂ ರೈಲು ಸಿಗುತ್ತದೆ ಎಂದು ಅಲ್ಲಿ ಮಾಡಿದ್ದಾರೆ. ಒಳಗೆ ಹೋದರೆ ಎದುರಿನ ಗೋಡೆಯಲ್ಲಿ ಇಪ್ಪತ್ತೆಂಟು ಮೊಳೆಗಳು. ಒಂದು ಕಾಲಕ್ಕೆ ಒಂದೊಂದಕ್ಕೂ ಒಬ್ಬ ಸದಸ್ಯರ ಹೆಸರಿನ ಫಲಕ ತೂಗುತ್ತಿತ್ತಂತೆ. ಈಗ ಒಂದು ಫಲಕ, ಇಪ್ಪತ್ತೇಳು ಬರಿ ಮೊಳೆ. ಒಂದಕ್ಕೆ ನಾನು ಕೊಡೆ ನೇತುಹಾಕುತ್ತಿದ್ದೆ.

ನಾನು ಅಲ್ಲಿ ಮಾತು ಅಳೆಯುವವಳು. ಮೂವತ್ತೊಂದು ಜಿಲ್ಲೆಗಳು ತಮ್ಮ ಊರೂರಲ್ಲಿ ಸೇರಿ, ವಾದ ಮಾಡಿ, ವರ್ಷದ ತಮ್ಮ ಒಂದೇ ವಾಕ್ಯವನ್ನು ಬರೆದು ಕಳಿಸುತ್ತವೆ. ಒಂದು ಜಿಲ್ಲೆಗೆ ಏಳು ಸೆಕೆಂಡು. ಉಳಿದದ್ದರಲ್ಲಿ ಮೂರು ಸೆಕೆಂಡು ಸಭಾಧ್ಯಕ್ಷರಿಗೆ ವಂದನೆ, ಹನ್ನೆರಡು ಸೆಕೆಂಡು ಉಸಿರಿಗೆ, ಎಂಟು ಸೆಕೆಂಡು ಕಾಪು. ಕಾಪು ಎಂದರೆ ಕೊನೆಗಳಿಗೆಯಲ್ಲಿ ಏನಾದರೂ ಆಪತ್ತು ಬಂದರೆ ಇರಲಿ ಎಂದು ತೆಗೆದಿಡುವ ಹೊತ್ತು. ವಾಕ್ಯ ತಂದವರ ಮುಂದೆ ನಾನು ಅದನ್ನು ನಮ್ಮ ಸದಸ್ಯೆಯ ವೇಗದಲ್ಲಿ ಓದಿ, ಗಡಿಯಾರ ನೋಡಿ, ಏಳು ಸೆಕೆಂಡಿಗೆ ಕೂತರೆ ಕಾರ್ಡಿನ ಮೇಲೆ ‘೭’ ಎಂದು ಬರೆದು ಸಹಿ ಹಾಕುತ್ತೇನೆ. ಆಮೇಲೆ ಆ ಕಾರ್ಡನ್ನು ಯಾರೂ ಮತ್ತೆ ಅಳೆಯುವುದಿಲ್ಲ. ಪೂರ್ತಿ ಭಾಷಣವನ್ನು ಮೊದಲೇ ಓದಿ ನೋಡುವ ಪದ್ಧತಿಯೂ ನಮ್ಮಲ್ಲಿಲ್ಲ. ಹಿಂದೊಮ್ಮೆ ಒಬ್ಬ ಸದಸ್ಯರು ಮೂರು ಸಲ ಓದಿ ನೋಡಿ, ಮಾತಿನ ದಿನವೇ ಗಂಟಲು ಕಟ್ಟಿ, ಇಡೀ ವರ್ಷ ರಾಜ್ಯ ಮೂಕವಾಯಿತು. ಅಂದಿನಿಂದ ಅದು ಅಪಶಕುನ. ಕಾರ್ಡನ್ನೇ ನಂಬುತ್ತಾರೆ. ಎಂದರೆ, ನನ್ನನ್ನು ನಂಬುತ್ತಾರೆ.

ನಮ್ಮ ಸದಸ್ಯೆ ಐರಿನಮ್ಮ. ಮಂಗಳೂರು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ರೈಲುಗಳ ಘೋಷಣೆ ಮಾಡಿದವರು. ನಾಯಕಿ, ಹೋರಾಟಗಾರ್ತಿ ಎಂದೆಲ್ಲ ನೋಡಿ ಆರಿಸುವ ಐಷಾರಾಮ ನಮಗಿಲ್ಲ. ಬೇಗ, ಸ್ಪಷ್ಟವಾಗಿ, ತಡವರಿಸದೆ ಹೇಳುವ ನಾಲಿಗೆ ಸಾಕು. ಕಚೇರಿಯ ಹಿರಿಯರು ಗುರುಮಲ್ಲಪ್ಪನವರು. ಚಾಮರಾಜನಗರದ ಕಡೆಯವರು. ನನಗೆ ಅಳೆಯುವುದನ್ನು ಕಲಿಸಿದವರು, ಅಪ್ಪ ತೀರಿಹೋದ ಮೇಲೆ ನನಗೆ ಅಪ್ಪನ ಹಾಗೆ ಇದ್ದವರು, ಧಾರೆಯಲ್ಲಿ ನನ್ನ ಕೈ ಹಿಡಿದು ಕೊಟ್ಟವರು.

ಶರಭ ಬಂದದ್ದು ಯಾದಗಿರಿ ಜಿಲ್ಲೆಯ ವಾಕ್ಯ ಹಿಡಿದುಕೊಂಡು. ಭೀಮೆಯ ಆಚೆ ದಂಡೆಯ ಹದಿನೆಂಟು ಹಳ್ಳಿಯ ಮಕ್ಕಳು ತೆಪ್ಪದಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಾರೆ, ಕಳೆದ ಮಳೆಗಾಲದಲ್ಲಿ ತೆಪ್ಪ ಮಗುಚಿ ಇಬ್ಬರು ಹುಡುಗಿಯರು ಹೋದರು, ಸೇತುವೆ ಬೇಕು. ಮೊದಲ ಸಲ ತಂದಾಗ ಅದು ಹದಿನೈದು ಸೆಕೆಂಡು. ಗುರುಮಲ್ಲಪ್ಪನವರು ಕನ್ನಡಕ ಹಣೆಗೇರಿಸಿ, “ಏನಪ್ಪಾ ಇದು, ವಾಕ್ಯವೋ ಗೂಡ್ಸ್ ಗಾಡಿಯೋ? ಮುಗೀತು ಅಂದ್ಕಂಡ್ರೆ ಇನ್ನೊಂದು ಡಬ್ಬಿ ಬತ್ತದೆ” ಎಂದರು. ಶರಭ ವಾಪಸು ಹೋಗಿ, ಕಡಿದುಕೊಂಡು ಬಂದ. ಹನ್ನೆರಡು. ಮತ್ತೆ ಹೋದ. ಹನ್ನೊಂದು. ಪ್ರತಿ ಸಲ ಆರು ನೂರು ಕಿಲೋಮೀಟರಿನಷ್ಟು ರೈಲು. ಅವನು ಬರುವ ದಿನ ನಾನು ಕೂದಲಿಗೆ ಎಣ್ಣೆ ಹಾಕುವುದನ್ನು ಬಿಟ್ಟೆ. ಆರನೆಯ ಸಲ ಬಂದಾಗ ನಮ್ಮ ಮದುವೆ ಗೊತ್ತಾಗಿತ್ತು. ವಾಕ್ಯ ಒಂಬತ್ತು ಸೆಕೆಂಡಿಗೆ ನಿಂತಿತ್ತು. ನಾನು ಮೂರು ಸಲ ಅಳೆದೆ. ಒಂಬತ್ತೇ.

“ಇನ್ನೆರಡು ಕಡೀಬೇಕಲ್ಲ” ಎಂದೆ.

“ಏನ್ ತೆಗೀಲಿ ಹೇಳ್ರಿ ಮೇಡಂ?” ಎಂದ. ಮದುವೆ ಗೊತ್ತಾದ ಮೇಲೂ ಕಚೇರಿಯಲ್ಲಿ ಮೇಡಂ ಎನ್ನುತ್ತಿದ್ದ, ನನ್ನನ್ನು ನಗಿಸಲಿಕ್ಕೆ. ಆ ದಿನ ಮಾತ್ರ ನಗು ಇರಲಿಲ್ಲ. “ಹೊಳಿ ತೆಗೀಲೇನ್ರಿ? ಹುಡುಗ್ರನ್ನ ತೆಗೀಲೇನ್ರಿ? ಸತ್ತಾರಲ್ಲ ಎರಡ ಕೂಸು, ಅವ್ರನ್ನ ತೆಗೀಲೇನ್ರಿ?”

ನಾನು ‘೭’ ಎಂದು ಬರೆದೆ. ಸಹಿ ಹಾಕಿದೆ. ಕಾಪು ಎಂಟು ಸೆಕೆಂಡು ಇದೆಯಲ್ಲ, ಅದರಲ್ಲಿ ಎರಡು ಹೋದರೆ ಏನಾಯಿತು, ಆರು ವರ್ಷದಿಂದ ಕಾಪನ್ನು ಯಾರೂ ಮುಟ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೊರಗೆ ಬಂದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅವನ ಕಿವಿಯಲ್ಲಿ, “ಎರಡು ಸೆಕೆಂಡು, ನನ್ನ ಕಡೆಯಿಂದ ನಿಮ್ಮೂರಿಗೆ ಮದುವೆಯ ಉಡುಗೊರೆ” ಎಂದೆ. ಅವನ ಮುಖ ನೀವು ನೋಡಬೇಕಿತ್ತು ಅಜ್ಜಿ! ಪ್ರಪಂಚದಲ್ಲಿ ಯಾವ ಮದುಮಗಳೂ ಇಂಥ ಉಡುಗೊರೆ ಕೊಟ್ಟಿರಲಾರಳು ಎಂದು ನಾನು ಉಬ್ಬಿಹೋದೆ.

ಒಂಬತ್ತು ದಿನದ ಮೇಲೆ ದೆಹಲಿಯಿಂದ ಬರಿದು ತಾಣಗಳ ಪಟ್ಟಿ ಬಂತು. ಸಾವಿರಕ್ಕಿಂತ ಕಡಿಮೆ ಜನ ಉಳಿದಿರುವ ಜಾಗಗಳಿಗೆ ಬರಿದು ತಾಣ ಎನ್ನುತ್ತಾರೆ. ಅಲ್ಲಿಯ ಜನರನ್ನು ತೊಂಬತ್ತು ದಿನದಲ್ಲಿ ಎಬ್ಬಿಸಿ, ಇಡೀ ದೇಶದ ಸತ್ತ ಬ್ಯಾಟರಿಗಳ ಬೂದಿಯನ್ನು ತಂದು ಸುರಿಯುತ್ತಾರೆ. ಬೂದಿ ಬಿದ್ದ ಮಣ್ಣಿನಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಪಟ್ಟಿಯಲ್ಲಿರುವ ಊರಿನ ಹೆಸರನ್ನು ಸಭೆಯಲ್ಲಿ ಎದ್ದು ನಿಂತು ಹೇಳಿದರೆ, ಆ ಊರು ಆ ವರ್ಷಕ್ಕೆ ಉಳಿಯುತ್ತದೆ. ಹೆಸರು ಹೇಳಿದರೆ ಸಾಕು, ಬೇರೆ ಏನೂ ಬೇಕಿಲ್ಲ. ಈ ಸಲ ನಮ್ಮ ನಾಲ್ಕು ಊರುಗಳಿದ್ದವು: ಕರಿಯಬಂಡೆ, ನೀರಲಗುಂದಿ, ಹಿರೇತೊರೆ, ಹೂಗಳದೊಡ್ಡಿ. ಊರು, ತಾಲ್ಲೂಕು ಎರಡನ್ನೂ ಸೇರಿಸಿ ಓದಿದರೆ ಒಂದಕ್ಕೆ ಎರಡೇ ಸೆಕೆಂಡು. ನಾಲ್ಕಕ್ಕೆ ಎಂಟು. ಕಾಪು ಅಷ್ಟೂ ಅದಕ್ಕೇ ಹೋಯಿತು.

ಹೂಗಳದೊಡ್ಡಿ ಗುರುಮಲ್ಲಪ್ಪನವರ ಹುಟ್ಟೂರು. ಅವರ ತಂಗಿ ಈಗಲೂ ಅಲ್ಲಿದ್ದಾರೆ, ರಾಗಿ ಬೆಳೆಯುತ್ತಾರೆ. ಗುರುಮಲ್ಲಪ್ಪನವರೇ ಅದನ್ನು ಕೊನೆಯ ಹೆಸರಾಗಿ ಬರೆಸಿದರು. “ನಮ್ಮೂರ ಕೊನೇಗಿರ್ಲಿ ಕಣವ್ವ. ಆಫೀಸಿನವ ತನ್ನೂರ ಮುಂದಕ್ಕೆ ತಳ್ಳುದ ಅನ್ನಿಸ್ಕಬಾರ್ದು” ಎಂದು ನನ್ನೆದುರಿಗೇ ಹೇಳಿದರು. ಆಮೇಲೆ ಕಾರ್ಡುಗಳ ಕಟ್ಟನ್ನು ದಾರದಿಂದ ಬಿಗಿಯುತ್ತ, “ಎಲ್ಲ ಸರಿಯಾಗವ್ಯಾ ಮಗಳೇ? ಈ ಸಲ ಒಂದ್ ಚೂರೂ ಮಿಗಲ್ಲ” ಎಂದು ಕೇಳಿದರು. ಆಗ ನನ್ನ ಕೈಗೆ ಮೆಹಂದಿ ಮೆತ್ತಿತ್ತು. ಕಚೇರಿಯ ಹೆಂಗಸರೆಲ್ಲ ಸೇರಿ ಹಾಕುತ್ತಿದ್ದರು. ಯಾದಗಿರಿಯ ಕಾರ್ಡು ನನಗೆ ನೆನಪಾಯಿತು ಅಜ್ಜಿ. ಮರೆತೆ ಎಂದು ಬರೆದರೆ ಅದು ಸುಳ್ಳು. ಒಂಬತ್ತೆಂದು ಅಳೆದದ್ದೂ ನೆನಪಾಯಿತು. ಆದರೆ ಶರಭನಿಗೆ ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಐರಿನಮ್ಮ ಸ್ವಲ್ಪ ಬೇಗ ಓದಿಬಿಡುತ್ತಾರೆ, ಏನಾದರೂ ಆಗುತ್ತದೆ ಎಂದುಕೊಂಡೆ. “ಸರಿ ಇದೆ ಸರ್” ಎಂದೆ.

ಮದುವೆ ಮುಗಿದ ಎರಡನೆಯ ದಿನ ಮಾತಿನ ದಿನ. ಆ ಹೊತ್ತಿಗೆ ನಾನು ಈ ಊರಿಗೆ, ಶರಭನ ಮನೆಗೆ ಬಂದಿದ್ದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಇಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತಾರೆ. ಆ ಹೊತ್ತಿನಲ್ಲಿ ಊರಿಗೆ ಊರೇ ನೆಲದಡಿಯ ದೊಡ್ಡ ಹಗೇವಿನಲ್ಲಿ ಸೇರುತ್ತದೆ. ಜೋಳ ತುಂಬುತ್ತಿದ್ದ ಹಗೇವುಗಳನ್ನೇ ಅಗಲ ಮಾಡಿಕೊಂಡಿದ್ದಾರೆ, ತಂಪಾಗಿರುತ್ತದೆ. ಗೋಡೆಯ ಮೇಲಿನ ಪರದೆಯಲ್ಲಿ ದೆಹಲಿಯ ಸಭೆ ಕಾಣಿಸಿತು. ನನ್ನನ್ನು ಎಲ್ಲರ ಮುಂದೆ ಹೊಸ ಕೌದಿಯ ಮೇಲೆ ಕೂರಿಸಿದ್ದರು, ಸೊಸೆ ಮಾತಿನ ಕಚೇರಿಯವಳು ಎಂದು ಎಲ್ಲರಿಗೂ ಹೆಮ್ಮೆ.

ಐರಿನಮ್ಮ ಎದ್ದು ನಿಂತರು. ಬೆಳ್ಳಗಿನ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ. ವಂದನೆ ಹೇಳಿ, ಜಿಲ್ಲೆಯ ಮೇಲೆ ಜಿಲ್ಲೆ ಓದುತ್ತ ಹೋದರು. ಒಂದು ಸೀಮೆಯ ಒಂದು ವರ್ಷದ ಕಷ್ಟ, ರೈಲು ಬರುವ ಸೂಚನೆಯ ಹಾಗೆ ತಣ್ಣಗೆ, ಸ್ಪಷ್ಟವಾಗಿ. ಹತ್ತೊಂಬತ್ತನೆಯದಾಗಿ ಯಾದಗಿರಿ ಬಂತು. ಹೊಳೆ, ತೆಪ್ಪ, ಇಬ್ಬರು ಹುಡುಗಿಯರು, ಸೇತುವೆ. ಹಗೇವಿನಲ್ಲಿ ಶಿಳ್ಳೆ ಎದ್ದಿತು. ಮುದುಕನೊಬ್ಬ ರುಮಾಲು ಮೇಲಕ್ಕೆಸೆದ. ತೀರಿಹೋದ ಹುಡುಗಿಯ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದಳು, ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಬಾಯೊಳಗೆ ಎಣಿಸುತ್ತಿದ್ದೆ. ಎಣಿಸುವುದು ನನ್ನ ಕಸುಬು. ಮೂವತ್ತೊಂದು ಮುಗಿಯಿತು. ಕರಿಯಬಂಡೆ ಎಂದರು. ನೀರಲಗುಂದಿ ಎಂದರು. ಹಿರೇತೊರೆ ಎಂದರು. ಮುಂದಿನದಕ್ಕೆ ತುಟಿ ಅಲುಗಿತು, ಕೆಂಪು ದೀಪ ಹತ್ತಿತು. ಸದ್ದಿಲ್ಲದೆ ತುಟಿ ಮಾತ್ರ ಆಡಿದ್ದು ಕಾಣಿಸಿತು. ನನ್ನ ಸುತ್ತ ಎಲ್ಲರೂ ಇನ್ನೂ ಸೇತುವೆಯ ಖುಷಿಯಲ್ಲಿ ಕೂಗುತ್ತಿದ್ದರು. ಯಾರೋ ನನ್ನ ಬಾಯಿಗೆ ಸಿಹಿ ಮಾದಲಿ ತುರುಕಿದರು.

ಆ ಸಂಜೆ ಗುರುಮಲ್ಲಪ್ಪನವರು ಫೋನ್ ಮಾಡಿದರು. ಬೈಯಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅವರು ಬೈಯಲಿಲ್ಲ. “ಐರಿನಮ್ಮ ಎಲ್ಲೋ ಒಂದ್ ಉಸ್ರು ಜಾಸ್ತಿ ತಗಂಡವ್ರೆ ಮಗಳೇ. ಪಾಪ, ವಯಸ್ಸು. ನೀ ಮನಸ್ಸಿಗೆ ಹಚ್ಕಬ್ಯಾಡ, ಹೊಸಾ ಮನೆ, ಉಂಡ್ಕಂಡು ಚೆನ್ನಾಗಿರು” ಎಂದು ನನಗೇ ಸಮಾಧಾನ ಹೇಳಿದರು. ತಂಗಿಗೆ ಸುದ್ದಿ ಮುಟ್ಟಿಸಲು ತಾವೇ ಹೋಗುತ್ತಿರುವುದಾಗಿ ಹೇಳಿದರು. ಅವರು ಹೋಗಿ ಹೇಳಿದಾಗ ಆಕೆ ರಾಗಿ ಪೈರಿನ ಮಧ್ಯೆ ಕೂತು, “ಕುಯ್ಲಾದ್ರೂ ಮಾಡ್ಕಬಹುದಾ ಅಣ್ಣ?” ಎಂದು ಕೇಳಿದರಂತೆ.

ಐರಿನಮ್ಮ ದೆಹಲಿಯಿಂದ ಬಂದಾಗ ನಿಲ್ದಾಣದಲ್ಲಿ ಒಬ್ಬರೂ ಎದುರುಗೊಳ್ಳಲಿಲ್ಲ. ವಿಚಾರಣೆಗೆ ಕೂರಿಸಿ ಕೇಳಿದಾಗ, “ನನ್ನ ಉಸಿರು ನನಗೆ ಗೊತ್ತಿಲ್ವಾ ಮಾರಾಯ್ರೆ? ಹನ್ನೆರಡೇ ಸೆಕೆಂಡು ತಗೊಂಡದ್ದು. ಮೂವತ್ತೊಂದು ವರ್ಷದಲ್ಲಿ ನನ್ನಿಂದ ಒಂದು ಗಾಡಿ ತಡ ಆಗ್ಲಿಲ್ಲ” ಎಂದರಂತೆ. ಯಾರೂ ನಂಬಲಿಲ್ಲ. ಕಾರ್ಡುಗಳೆಲ್ಲ ಸರಿ ಇದ್ದವಲ್ಲ! ಈಗ ಅವರ ಮನೆಯ ಬಾಗಿಲಿಗೆ ಯಾರೋ ಬೂದಿ ಸುರಿದು ಹೋಗಿದ್ದಾರಂತೆ.

ದಾರಿ ಒಂದಿದೆ. ಅದು ಇದೆ ಎಂದೇ ನನಗೆ ಇಷ್ಟು ಭಯ. ಮಾತಿನ ದಿನದಿಂದ ಇಪ್ಪತ್ತೊಂದು ದಿನದೊಳಗೆ, ಅಳತೆ ತಪ್ಪಿದ್ದನ್ನು ಅಳೆದವರೇ ಒಪ್ಪಿಕೊಂಡರೆ, ರಾಜ್ಯ ಒಂದು ತಿದ್ದೋಲೆ ಕಳಿಸಬಹುದು. ಆಗ ಹೆಚ್ಚು ಹೊತ್ತು ತಿಂದ ವಾಕ್ಯವನ್ನು ಹೊಡೆದುಹಾಕಿ, ಕತ್ತರಿಸಿಹೋದದ್ದನ್ನು ಸೇರಿಸುತ್ತಾರೆ. ಹೂಗಳದೊಡ್ಡಿ ಉಳಿಯುತ್ತದೆ. ಯಾದಗಿರಿಯ ವಾಕ್ಯ ಹೋಗುತ್ತದೆ. ಸೇತುವೆ ಮಂಜೂರಾಗಿದೆ ಅಜ್ಜಿ. ಮೊನ್ನೆ ಇಬ್ಬರು ಎಂಜಿನಿಯರುಗಳು ಬಂದು ದಂಡೆಯಲ್ಲಿ ಸುಣ್ಣದ ಗುರುತು ಹಾಕಿ ಹೋದರು. ಮಕ್ಕಳು ಆ ಗುರುತಿನ ಸುತ್ತ ಕುಣಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂದಿಗೆ ಹದಿನಾರು ದಿನ ಕಳೆದವು. ಐದು ಉಳಿದಿವೆ.

ಶರಭನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವನು ಚಹಾಕ್ಕೆ ಬೆಲ್ಲ ಹಾಕಿಕೊಳ್ಳುವುದನ್ನು ಬಿಟ್ಟ. ನಿನ್ನೆ ಕೊನೆಗೂ, “ಆ ಕಾರ್ಡ ನಾನಽ ಬದ್ಲಿ ಮಾಡೀನಿ ಅಂತ ಹೇಳ್ತೀನಿ. ನಿನ್ನ ಹೆಸ್ರು ಬ್ಯಾಡ” ಎಂದ. ಸಹಿ ನನ್ನದು, ಅಳೆದವಳು ನಾನು, ಸುಳ್ಳು ತಿದ್ದೋಲೆಯನ್ನು ದೆಹಲಿ ಹರಿದು ಬಿಸಾಡುತ್ತದೆ ಎಂದೆ. ಇಬ್ಬರೂ ಮೊದಲ ಸಲ ಜಗಳವಾಡಿದೆವು, ಪಿಸುಮಾತಿನಲ್ಲಿ. ಹಗೇವಿನಲ್ಲಿ ಪಿಸುಮಾತೂ ಗೋಡೆ ಹಿಡಿದು ಓಡುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಇಂದು ಬೆಳಿಗ್ಗೆ ಅತ್ತೆ ಬಸಲಿಂಗಮ್ಮನವರು ರೊಟ್ಟಿ ಬಡಿಯುತ್ತ ಕೂತಿದ್ದರು. ನಾನು ಹಿಟ್ಟು ನಾದುತ್ತಿದ್ದೆ. ಅವರು ನನ್ನ ಮುಖ ನೋಡದೆ, ಬಡಿಯುವ ಕೈ ನಿಲ್ಲಿಸದೆ ಹೇಳಿದರು: “ಹೋದ ಇಬ್ರು ಹುಡುಗ್ಯಾರದಾಗ ಒಬ್ಬಾಕಿ ನನ್ನ ತಮ್ಮನ ಮಗಳು, ಗೊತ್ತೈತಿ ಇಲ್ಲ ನಿನಗ?” ನನಗೆ ಗೊತ್ತಿರಲಿಲ್ಲ. ಹಗೇವಿನಲ್ಲಿ ನನ್ನ ಕೈ ಹಿಡಿದು ಅತ್ತವಳು ಅವರ ತಮ್ಮನ ಹೆಂಡತಿ. ಅವರು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ ಹೇಳಿದರು. “ಹೊಳಿ ದಾಟೋದು ನಾವು ಕಲ್ತೀವಿ ತಂಗಿ. ಸತ್ತರೂ ಮತ್ತ ದಾಟ್ತೀವಿ. ಬೂದ್ಯಾಗ ಬದುಕೋದು ಯಾರೂ ಕಲ್ತಿಲ್ಲ. ಹೋಗಿ ಹೇಳಿ ಬಾ.” ಆಮೇಲೆ, “ಊರ ಮಂದಿಗೆ ನಾ ಹೇಳ್ತೀನಿ. ಬೈತಾರ. ಬೈಸ್ಕೊಳ್ಳೋಣಂತ” ಎಂದರು.

ಈಗ ಮುಚ್ಚುಹೊತ್ತು. ನೆಲದ ಮೇಲೆ ಬಿಸಿಲು ಕುದಿಯುತ್ತಿದೆ. ಸಂಜೆಯ ರೈಲಿಗೆ ನಾನೂ ಶರಭನೂ ಹೊರಡುತ್ತೇವೆ, ಬೆಳಿಗ್ಗೆ ಆರಕ್ಕೆ ಕಚೇರಿ ತೆರೆಯುವ ಹೊತ್ತಿಗೆ ಅರಸೀಕೆರೆ. ನನ್ನ ಕೆಲಸ ಹೋಗುತ್ತದೆ, ಅದು ದೊಡ್ಡದಲ್ಲ. ಮುಂದಿನ ವರ್ಷ ಯಾದಗಿರಿ ಮತ್ತೆ ಕೇಳಬಹುದು. ಆದರೆ ಆಮೇಲೆ ತಲೆಹಂಚಿಕೆ ಬಂದು ಕುರ್ಚಿಯೇ ಹೋದರೆ? ಸೇತುವೆಯನ್ನು ಯಾವ ಬಾಯಿಂದ ಕೇಳುವುದು? ಹೂಗಳದೊಡ್ಡಿಯನ್ನು ಮತ್ತೊಮ್ಮೆ ಪಟ್ಟಿಗೆ ಹಾಕಿದಾಗ ಯಾರು ಹೆಸರು ಹೇಳುತ್ತಾರೆ? ಇದು ದೂರದ ಭಯ. ಮುಖಕ್ಕೆ ಬಂದು ನಿಂತಿರುವ ಭಯ ಇನ್ನೊಂದು, ಅದು ಗುರುಮಲ್ಲಪ್ಪನವರ ಕಣ್ಣು. ಅವರು ಬಾಗಿಲು ತೆಗೆದು, “ಬಂದ್ಯಾ ಮಗಳೇ” ಎಂದು ನಗುತ್ತಾರೆ.

ಅಜ್ಜಿ, ನಿಮ್ಮನ್ನು ಒಂದು ಮಾತು ಕೇಳಬೇಕು. ಮದುವೆಯ ದಿನವೂ ಬಿಡದೆ ಹೋಗಿ ಕುರ್ಚಿಯೊಂದಕ್ಕೆ ಒಬ್ಬರನ್ನು ಕಳಿಸಿಕೊಟ್ಟಿರಲ್ಲ, ಆಮೇಲೆ ಅವರು ಅಲ್ಲಿ ಏನು ಮಾತಾಡಿದರು ಎಂದು ಕೇಳಿದಿರಾ? ಎಷ್ಟು ಹೊತ್ತು ಮಾತಾಡಿದರು? ಯಾವ ಊರಿನ ಹೆಸರು ಹೇಳಿದರು? ಇಪ್ಪತ್ತೆಂಟು ಬಾಯಿಗಳು, ದಿನಗಟ್ಟಲೆ ಹೊತ್ತು. ಆ ಹೊತ್ತು ನಮಗೆ ಪುರಾಣದ ಹಾಗೆ ಕೇಳಿಸುತ್ತದೆ. ನಿಮ್ಮ ಬೆರಳಿನ ಕಪ್ಪು ಅಳಿಸುವ ಮೊದಲೇ ಕೇಳಿ. ಪ್ರತಿ ವರ್ಷವೂ ಕೇಳಿ. ಇಪ್ಪತ್ತೆಂಟು ಇದ್ದಾಗ ಒಬ್ಬರು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಉಳಿದಾಗ ನನ್ನಂಥ ಹುಚ್ಚು ಹುಡುಗಿಯ ಎರಡು ಸೆಕೆಂಡಿಗೆ ಊರು ಹೋಗುತ್ತದೆ.

ನಾನು ಹೇಳಬೇಕಾದ್ದನ್ನು ಬರೆದುಕೊಂಡಿದ್ದೇನೆ. “ಸರ್, ಐರಿನಮ್ಮನವರ ತಪ್ಪಲ್ಲ. ಯಾದಗಿರಿಯ ಕಾರ್ಡು ಒಂಬತ್ತು. ನಾನು ಗೊತ್ತಿದ್ದೂ ಏಳು ಎಂದು ಬರೆದೆ.” ಅಳೆದು ನೋಡಿದೆ, ಆರು ಸೆಕೆಂಡು. ಏಳರೊಳಗೆ ಕೂರುತ್ತದೆ.

ನಾಂದಿಪತ್ರದಲ್ಲಿ ಹಿರಿಯರನ್ನು ಮದುವೆಗೆ ಕರೆಯಬೇಕು. ನನ್ನ ಮದುವೆ ಮುಗಿಯಿತು, ನಿಮಗೆ ಎಲೆ ಹಾಕಲಿಲ್ಲ, ತಪ್ಪಾಯಿತು. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ಅರಸೀಕೆರೆ ನಿಲ್ದಾಣ, ಕಲ್ಲುಕಟ್ಟಡ, ಮೊಳೆಗಳ ಗೋಡೆ. ಧಾರೆ ಸೀರೆಯಲ್ಲೇ ಬನ್ನಿ. ನಾನು ಬಾಯಿ ತೆರೆಯುವವರೆಗೆ ಆ ಕಪ್ಪು ಬೆರಳು ಹಿಡಿದುಕೊಳ್ಳಲು ಕೊಡಿ.

ನಿಮ್ಮ,
ಮೇದಿನಿ